ಎಲ್ಲರ ಪಟ್ಟಿ, ಒಬ್ಬರ ಪಟ್ಟಿ: ಮೆಕ್ಸಿಕೋದ ಒಫ್ರೆಂದಾವನ್ನು 8ನೇ ತರಗತಿಯಲ್ಲಿ ಓದಿದ ಬಗೆ

ಪೀಠಿಕೆ

ಮೆಕ್ಸಿಕೋ ದೇಶದಲ್ಲಿ ಪ್ರತಿ ವರ್ಷ ನವೆಂಬರ್ 1 ಮತ್ತು 2ರಂದು ತೀರಿಕೊಂಡವರನ್ನು ನೆನೆಯುವ ಹಬ್ಬ ನಡೆಯುತ್ತದೆ. ಸ್ಪ್ಯಾನಿಷ್ ಭಾಷೆಯಲ್ಲಿ ಅದರ ಹೆಸರು ‘ದಿಯಾ ದೆ ಮುಎರ್ತೋಸ್’, ಅಂದರೆ ಸತ್ತವರ ದಿನ. ಆ ದಿನಗಳಲ್ಲಿ ಮನೆಯ ಒಂದು ಮೂಲೆಯಲ್ಲಿ ಮೇಜಿನ ಮೇಲೆ, ಇಲ್ಲವೇ ಮೆಟ್ಟಿಲು ಮೆಟ್ಟಿಲಾಗಿ, ಹೂವು, ದೀಪ, ಊಟ, ಫೋಟೋಗಳನ್ನು ಜೋಡಿಸುತ್ತಾರೆ. ಈ ಜೋಡಣೆಗೆ ‘ಒಫ್ರೆಂದಾ’ ಎಂದು ಹೆಸರು. ಅರ್ಪಣೆ ಎಂಬುದು ಆ ಪದದ ಅರ್ಥ.

ಬೋಧನಾಭ್ಯಾಸದ ಅವಧಿಯಲ್ಲಿ ನಾವು ಪ್ರತಿಯೊಬ್ಬರೂ ಒಂದು ಕಲಾ ಸಂಯೋಜಿತ ಪಾಠವನ್ನು ಮಾಡಬೇಕಿತ್ತು. ವಿಜ್ಞಾನ ಮತ್ತು ಗಣಿತದ ಪ್ರಶಿಕ್ಷಣಾರ್ಥಿಯಾದ ನಾನು ಒಫ್ರೆಂದಾವನ್ನು ಆರಿಸಿಕೊಳ್ಳಲು ಮೊದಲ ಕಾರಣ ಅದರಲ್ಲಿರುವ ಸಾಮಗ್ರಿಗಳು. ಅಲ್ಲಿರುವ ಚೆಂಡುಹೂವು ಸಸ್ಯಶಾಸ್ತ್ರಕ್ಕೆ ಬರುತ್ತದೆ, ಕತ್ತರಿಸಿದ ಕಾಗದ ಸಮಮಿತಿಗೆ ಬರುತ್ತದೆ, ಧೂಪ ವಿಸರಣೆಗೆ ಬರುತ್ತದೆ. ಆದರೆ ಪಾಠಯೋಜನೆ ಬರೆಯುತ್ತಾ ಹೋದಂತೆ ಇನ್ನೊಂದು ವಿಷಯ ಮುಖ್ಯವಾಯಿತು. ಒಫ್ರೆಂದಾ ಒಂದು ಅಲಂಕಾರವಲ್ಲ; ಅದು ವಸ್ತುಗಳಿಂದ ಬರೆದ ಒಬ್ಬ ವ್ಯಕ್ತಿಯ ಚಿತ್ರ. ಮಕ್ಕಳಿಂದ ಬಣ್ಣದ ಕಾಗದ ಕತ್ತರಿಸಿ ಅಂಟಿಸಿ, ಫೋಟೋ ತೆಗೆದು, ಚಟುವಟಿಕೆ ಮುಗಿಯಿತು ಎಂದರೆ ಆ ವ್ಯಕ್ತಿಯೇ ಬಿಟ್ಟುಹೋಗುತ್ತಾರೆ. ಹಾಗಾಗದಂತೆ ಪಾಠವನ್ನು ಕಟ್ಟುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ವಿಷಯದ ಹಿನ್ನೆಲೆ (ಶಿಕ್ಷಕರಿಗೆ)

ಈ ಹಬ್ಬಕ್ಕೆ ಎರಡು ಮೂಲಗಳಿವೆ. 1521ರಲ್ಲಿ ಸ್ಪೇನಿನವರು ಗೆಲ್ಲುವ ಮೊದಲೇ ಅಲ್ಲಿನ ನಹುವಾ ಮುಂತಾದ ಜನರು ವರ್ಷದ ಬೇರೆ ತಿಂಗಳುಗಳಲ್ಲಿ ಸತ್ತವರಿಗಾಗಿ ಹಬ್ಬ ಮಾಡುತ್ತಿದ್ದರು. ಸ್ಪೇನಿನವರ ಜೊತೆ ಕ್ಯಾಥೊಲಿಕ್ ಕ್ರೈಸ್ತರ ನವೆಂಬರ್ 1ರ ಸಕಲ ಸಂತರ ದಿನವೂ 2ರ ಮೃತರ ಸ್ಮರಣೆಯ ದಿನವೂ ಬಂದವು. ಇವೆರಡೂ ಬೆರೆತು ಇಂದಿನ ಹಬ್ಬವಾಗಿದೆ. ಯಾವುದರ ಪಾಲು ಎಷ್ಟು ಎಂಬ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ. ಆದ್ದರಿಂದ ‘ಇದು ಮೂರು ಸಾವಿರ ವರ್ಷಗಳಿಂದ ಹೀಗೇ ನಡೆದುಬಂದಿದೆ’ ಎಂದು ಮಕ್ಕಳಿಗೆ ಹೇಳುವುದು ಸರಿಯಲ್ಲ. ಯುನೆಸ್ಕೋ ಇದನ್ನು 2008ರಲ್ಲಿ ಮಾನವಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.

ಸಾಮಾನ್ಯವಾಗಿ ನವೆಂಬರ್ 1 ತೀರಿಕೊಂಡ ಮಕ್ಕಳಿಗೆ, 2 ದೊಡ್ಡವರಿಗೆ. ಆ ದಿನ ಅವರು ಮನೆಗೆ ಬಂದು ಹೋಗುತ್ತಾರೆ ಎಂಬುದು ನಂಬಿಕೆ. ಒಫ್ರೆಂದಾದ ಒಂದೊಂದು ವಸ್ತುವೂ ಈ ಬರುವಿಕೆಗೆ ಸಂಬಂಧಿಸಿದ್ದು. ದೂರದಿಂದ ಬಂದವರ ದಾಹಕ್ಕೆ ನೀರು ಇಡುತ್ತಾರೆ, ದಾರಿ ಕಾಣಲೆಂದು ಮೇಣದ ಬತ್ತಿ ಹಚ್ಚುತ್ತಾರೆ, ಶುದ್ಧಿಗಾಗಿ ಉಪ್ಪು ಇಡುತ್ತಾರೆ. ಬಣ್ಣದಿಂದಲೂ ಪರಿಮಳದಿಂದಲೂ ದಾರಿ ತೋರಿಸುವುದು ಚೆಂಡುಹೂವು. ಕೆಲವು ಮನೆಗಳಲ್ಲಿ ಬೀದಿಯ ಬಾಗಿಲಿನಿಂದ ಒಫ್ರೆಂದಾದವರೆಗೆ ಎಸಳು ಚೆಲ್ಲಿ ದಾರಿಯನ್ನೇ ಬರೆಯುತ್ತಾರೆ.

ಈ ಹೂವಿಗೆ ಅಲ್ಲಿ ‘ಸೆಂಪಾಸೂಚಿಲ್’ ಎನ್ನುತ್ತಾರೆ. ನಹುವಾತ್ಲ್ ಭಾಷೆಯ ಎರಡು ಪದಗಳಿಂದ ಈ ಹೆಸರು ಬಂದಿದೆ: ‘ಸೆಂಪೊಆಲಿ’ ಎಂದರೆ ಇಪ್ಪತ್ತು, ‘ಶೋಚಿತ್ಲ್’ ಎಂದರೆ ಹೂವು. ಅದು ನಮ್ಮ ದಸರಾ, ದೀಪಾವಳಿಯ ಚೆಂಡುಹೂವೇ. ಅದರ ವೈಜ್ಞಾನಿಕ ಹೆಸರು ಟಾಜೆಟಿಸ್ ಇರೆಕ್ಟಾ. ಅದರ ಹುಟ್ಟೂರು ಮೆಕ್ಸಿಕೋ ಮತ್ತು ಅದರ ಸುತ್ತಲಿನ ಪ್ರದೇಶ. 16ನೇ ಶತಮಾನದ ನಂತರ ಯುರೋಪಿನವರ ಹಡಗುಗಳ ಮೂಲಕ ಅದು ಜಗತ್ತಿಗೆ ಹರಡಿತು. ಗುಂಡ್ಲುಪೇಟೆಯ ಹೊಲಗಳಲ್ಲಿ ಕಿತ್ತಳೆ ಬಣ್ಣ ಹರಡುವ ಗಿಡ ಅಮೆರಿಕ ಖಂಡದಿಂದ ಬಂದದ್ದು ಎಂಬುದು ನನ್ನ ತರಗತಿಯ ಯಾರಿಗೂ ಗೊತ್ತಿರಲಿಲ್ಲ.

ಅಲ್ಲಿನ ಧೂಪ ಕೋಪಾಲ್. ಅದು ಬುರ್ಸೆರಾ ಜಾತಿಯ ಮರಗಳ ಅಂಟು. ನಮ್ಮ ಗುಗ್ಗುಳದ ಗಿಡವೂ ಇದೇ ಸಸ್ಯ ಕುಟುಂಬಕ್ಕೆ ಸೇರಿದ್ದು. ಕತ್ತರಿಸಿದ ಕಾಗದದ ತೋರಣಕ್ಕೆ ‘ಪಪೆಲ್ ಪಿಕಾದೊ’ ಎನ್ನುತ್ತಾರೆ. ಪುಎಬ್ಲಾ ರಾಜ್ಯದ ಸಾನ್ ಸಾಲ್ವದೋರ್ ವಿಸ್ಕೊಲೋತ್ಲಾ ಎಂಬ ಊರು ಇದಕ್ಕೆ ಹೆಸರುವಾಸಿ. ಅಲ್ಲಿನ ಕುಶಲಕರ್ಮಿಗಳು ತೆಳು ಕಾಗದದ ಹತ್ತಾರು ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲೆ ನಕ್ಷೆಯಿಟ್ಟು, ಸಣ್ಣ ಉಳಿ ಮತ್ತು ಸುತ್ತಿಗೆಯಿಂದ ಕೆತ್ತುತ್ತಾರೆ. ‘ಪಾನ್ ದೆ ಮುಎರ್ತೊ’ ಎಂಬ ದುಂಡು ಬ್ರೆಡ್ಡಿನ ಮೇಲೆ ಎಲುಬಿನ ಆಕಾರದ ಹಿಟ್ಟಿನ ಪಟ್ಟಿಗಳಿರುತ್ತವೆ. ಅಚ್ಚಿನಲ್ಲಿ ಎರೆದ ಸಕ್ಕರೆಯ ಬುರುಡೆಗಳಿರುತ್ತವೆ. ಅವುಗಳ ಹಣೆಯ ಮೇಲೆ ಹೆಸರು ಬರೆಸುವುದುಂಟು.

ಇಷ್ಟು ವಸ್ತುಗಳು ಹೆಚ್ಚು ಕಡಿಮೆ ಎಲ್ಲ ಒಫ್ರೆಂದಾಗಳಲ್ಲೂ ಕಾಣುತ್ತವೆ. ಇವನ್ನು ನಾನು ‘ಎಲ್ಲರ ಪಟ್ಟಿ’ ಎಂದು ಕರೆದೆ. ಇದರ ಪಕ್ಕದಲ್ಲಿ ಇನ್ನೊಂದು ಪಟ್ಟಿಯಿದೆ. ಅದರಲ್ಲಿ ತೀರಿಕೊಂಡವರ ಫೋಟೋ, ಅವರಿಗೆ ಇಷ್ಟವಾದ ಅಡುಗೆ, ಅವರು ಹಿಡಿದ ಹತಾರ, ಹಾಕಿದ ಟೋಪಿ, ಮಗುವಾದರೆ ಅದರ ಆಟಿಕೆ ಬರುತ್ತವೆ. ಇದು ‘ಒಬ್ಬರ ಪಟ್ಟಿ’. ಮೊದಲ ಪಟ್ಟಿ ಸಂಪ್ರದಾಯದಿಂದ ಬರುತ್ತದೆ, ಅಂಗಡಿಯಲ್ಲಿ ಸಿಗುತ್ತದೆ. ಎರಡನೆಯದು ಆ ಮನುಷ್ಯರನ್ನು ಬಲ್ಲವರಿಗೆ ಮಾತ್ರ ಗೊತ್ತು. ಇಡೀ ಪಾಠ ಈ ಎರಡು ಪಟ್ಟಿಗಳ ಮೇಲೆ ನಿಂತಿದೆ.

ಕಲಿಕಾ ಫಲಗಳು

1. ಒಫ್ರೆಂದಾದ ಪ್ರತಿ ವಸ್ತುವಿಗೂ ‘ಇದು ಯಾಕೆ ಇಲ್ಲಿದೆ?’ ಎಂದು ಕೇಳಿ ಕಾರಣ ಹುಡುಕುವುದು.
2. ಎಲ್ಲರ ಪಟ್ಟಿ ಮತ್ತು ಒಬ್ಬರ ಪಟ್ಟಿಯನ್ನು ಬೇರ್ಪಡಿಸುವುದು.
3. ಚೆಂಡುಹೂವು ಒಂದು ಹೂವಲ್ಲ, ಕಿರುಹೂಗಳ ಗುಂಪು ಎಂಬುದನ್ನು ಬಿಡಿಸಿ ನೋಡಿ ತಿಳಿಯುವುದು.
4. ಬೇರೆ ದೇಶದ ಆಚರಣೆಯನ್ನು ನಮ್ಮದರ ಜೊತೆ ಹೋಲಿಸುವಾಗ ಸಾಮ್ಯದಷ್ಟೇ ವ್ಯತ್ಯಾಸವನ್ನೂ ಹೇಳುವುದು.

ಬೋಧನೋಪಕರಣಗಳು: ಮೂರು ಕಲರ್ ಪ್ರಿಂಟ್‌ಗಳು, ಪ್ರತಿ ಗುಂಪಿಗೆ ಎರಡು ಚೆಂಡುಹೂವು, ಕೈಪಿಡಿ ಮಸೂರ, ತೆಳು ಬಣ್ಣದ ಕಾಗದ, ಕತ್ತರಿ, ಸಣ್ಣ ಸಮತಲ ಕನ್ನಡಿ, ವಿಶ್ವದ ನಕಾಶೆ. ಸಮಯ: 40 ನಿಮಿಷದ ಎರಡು ಅವಧಿ. ಮಕ್ಕಳು: 34.

ಪಾಠದ ಹಂತಗಳು

ತೊಡಗಿಸಿಕೊಳ್ಳುವಿಕೆ: ಒಂದು ಮನೆಯ ಸಾದಾ ಒಫ್ರೆಂದಾದ ಚಿತ್ರವನ್ನು ಯಾವ ವಿವರಣೆಯೂ ಇಲ್ಲದೆ ಗುಂಪುಗಳಿಗೆ ಕೊಟ್ಟೆ. ಐದು ನಿಮಿಷ ಕಾಣುವ ವಸ್ತುಗಳನ್ನಷ್ಟೇ ಬರೆಯಬೇಕು, ಅರ್ಥ ಹೇಳಬಾರದು ಎಂಬುದು ನಿಯಮ. ಹೆಸರು, ದೇಶ, ಹಬ್ಬ ಯಾವುದನ್ನೂ ಮೊದಲೇ ಹೇಳದಿದ್ದುದರಿಂದ ಮಕ್ಕಳು ಚಿತ್ರವನ್ನೇ ನೋಡಬೇಕಾಯಿತು. ಒಂದು ಗುಂಪು 19 ವಸ್ತುಗಳನ್ನು ಗುರುತಿಸಿತು.

ಅನ್ವೇಷಣೆ: ಕರಿಹಲಗೆಯ ಮೇಲೆ ಎಲ್ಲ ಗುಂಪುಗಳ ವಸ್ತುಗಳನ್ನೂ ಬರೆದು, ಒಂದೊಂದಕ್ಕೂ ‘ಇದು ಯಾಕೆ ಇಲ್ಲಿದೆ?’ ಎಂದು ಕೇಳಿದೆ. ನೀರಿಗೆ, ದೀಪಕ್ಕೆ, ಹೂವಿಗೆ ಮಕ್ಕಳೇ ಕಾರಣ ಕೊಟ್ಟರು. ‘ಯಾರೋ ತೀರ್ಕೊಂಡಿದಾರೆ ಮಿಸ್, ಫೋಟೋ ಇದೆ’ ಎಂದು ಮೂರನೇ ನಿಮಿಷಕ್ಕೆ ಒಬ್ಬ ಹೇಳಿದ. ಕೆಳಮೆಟ್ಟಿಲಿನಲ್ಲಿದ್ದ ಹುಲ್ಲಿನ ಟೋಪಿ ಮಾತ್ರ ಯಾರಿಗೂ ಬಗೆಹರಿಯಲಿಲ್ಲ. ‘ಅವರು ಹಾಕ್ತಿದ್ದ ಟೋಪಿ ಇರಬೇಕು’ ಎಂಬ ಉತ್ತರ ಬಂದ ಕೂಡಲೇ ಹಲಗೆಯ ಮಧ್ಯೆ ಗೆರೆ ಎಳೆದು ಎರಡು ಪಟ್ಟಿಗಳ ಹೆಸರು ಬರೆದೆ. ಉಳಿದ ವಸ್ತುಗಳನ್ನು ಮಕ್ಕಳೇ ಎರಡೂ ಕಡೆ ಹಂಚಿದರು. ಸಕ್ಕರೆಯ ಬುರುಡೆಯ ಬಗ್ಗೆ ಜಗಳವಾಯಿತು. ಬುರುಡೆ ಎಲ್ಲರ ಪಟ್ಟಿಗೆ, ಅದರ ಹಣೆಯ ಹೆಸರು ಒಬ್ಬರ ಪಟ್ಟಿಗೆ ಎಂದು ಕೊನೆಗೆ ಅವರೇ ತೀರ್ಮಾನಿಸಿದರು.

ವಿವರಣೆ: ಇಲ್ಲಿ ನಕಾಶೆ ತೂಗುಹಾಕಿ ಮೆಕ್ಸಿಕೋವನ್ನು ತೋರಿಸಿ ಹಬ್ಬದ ಹಿನ್ನೆಲೆ ಹೇಳಿದೆ. ನಂತರ ಗುಂಪುಗಳು ಚೆಂಡುಹೂವನ್ನು ಬಿಡಿಸಿದವು. ಎಸಳು ಎಂದು ನಾವು ಕಿತ್ತದ್ದರ ಬುಡದಲ್ಲಿ ಸಣ್ಣ ಅಂಡಾಶಯ ಮಸೂರದಲ್ಲಿ ಕಾಣುತ್ತದೆ. ಅಂದರೆ ಅದು ಎಸಳಲ್ಲ, ಒಂದು ಕಿರುಹೂವು. ಎಣಿಸಿದಾಗ ಎರಡು ಹೂಗಳ ಸಂಖ್ಯೆ ಒಂದೇ ಬರಲಿಲ್ಲ, ಇಪ್ಪತ್ತಂತೂ ಅಲ್ಲವೇ ಅಲ್ಲ. ಹೆಸರಿನ ‘ಇಪ್ಪತ್ತು’ ಲೆಕ್ಕಕ್ಕಿಂತ ‘ಬಹಳ’ ಎಂಬ ಅರ್ಥದಲ್ಲಿರಬಹುದೇ ಎಂದು ಮಕ್ಕಳು ಕೇಳಿದರು. ನಾವು ‘ನೂರಾರು’ ಎನ್ನುವುದಿಲ್ಲವೇ ಎಂಬುದು ಅವರದೇ ಉದಾಹರಣೆ.

ಎರಡನೇ ಅವಧಿಯಲ್ಲಿ ಕಾಗದ ತೆಗೆದುಕೊಂಡೆವು. ಒಂದು ಸಲ ಮಡಚಿ ಮಧ್ಯದಲ್ಲಿ ಒಂದು ತೂತು ಕತ್ತರಿಸಿದರೆ ಎರಡು, ಎರಡು ಸಲ ಮಡಚಿದರೆ ನಾಲ್ಕು, ಮೂರು ಸಲಕ್ಕೆ ಎಂಟು. ಘಾತಾಂಕದ ಪಾಠ ಮುಗಿಸಿದ್ದ ತರಗತಿಯಾದ್ದರಿಂದ ನಿಯಮವನ್ನು ತಾವೇ ಬರೆದರು. ವಿಸ್ಕೊಲೋತ್ಲಾದಲ್ಲಿ ಮಡಚುವ ಬದಲು ಹಾಳೆಗಳನ್ನು ಪೇರಿಸಿ ಕೆತ್ತುತ್ತಾರೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಇಲ್ಲವಾದರೆ ನಮ್ಮ ಕತ್ತರಿ ಕೆಲಸವೇ ಅವರ ಕಲೆ ಎಂದು ಮಕ್ಕಳು ತಿಳಿಯುತ್ತಾರೆ.

ವಿಸ್ತರಣೆ: ಎರಡನೇ ಚಿತ್ರ ಪುಎಬ್ಲಾ ರಾಜ್ಯದ ವಾಕೆಚೂಲಾ ಊರಿನದು. ಅಲ್ಲಿ ಆ ವರ್ಷ ತೀರಿಕೊಂಡವರಿಗಾಗಿ ಬಿಳಿ ಸ್ಯಾಟಿನ್ ಬಟ್ಟೆಯನ್ನು ನೆರಿಗೆ ಹಿಡಿದು ಛಾವಣಿ ಮುಟ್ಟುವಷ್ಟು ಎತ್ತರದ ಒಫ್ರೆಂದಾ ಕಟ್ಟುತ್ತಾರೆ. ಊರಿನವರೂ ಪರಊರಿನವರೂ ಒಳಗೆ ಬಂದು ನೋಡಬಹುದು. ಬಂದವರಿಗೆ ತಿನ್ನಲು ಕುಡಿಯಲು ಕೊಡುತ್ತಾರೆ. ತೀರಿಕೊಂಡವರ ಫೋಟೋವನ್ನು ನೇರವಾಗಿ ಕಾಣುವಂತೆ ಇಡದೆ, ಕನ್ನಡಿಯಲ್ಲಿ ಕಾಣುವಂತೆ ಇಡುವುದು ಅಲ್ಲಿನ ಒಂದು ಕ್ರಮ. ಮಕ್ಕಳಿಗೆ ಸಮತಲ ಕನ್ನಡಿ ಕೊಟ್ಟು ಒಂದು ಚಿತ್ರವನ್ನು ಹಾಗೆ ಇಟ್ಟು ನೋಡಲು ಹೇಳಿದೆ. ‘ಕಾಣುತ್ತೆ, ಆದರೆ ಕನ್ನಡಿ ಹಿಂದೆ ಹೋಗಿ ನೋಡಿದ್ರೆ ಇಲ್ಲ’ ಎಂದು ಒಬ್ಬ ಹುಡುಗಿ ಹೇಳಿದಳು. ಮಿಥ್ಯಾ ಪ್ರತಿಬಿಂಬದ ವ್ಯಾಖ್ಯೆಗೆ ಇದಕ್ಕಿಂತ ಬೇರೆ ಮಾತು ಬೇಕಿರಲಿಲ್ಲ. ಆ ಊರಿನವರು ಹಾಗೆ ಯಾಕೆ ಇಡುತ್ತಾರೆ ಎಂಬುದಕ್ಕೂ ಅದೇ ಮಾತು ಸಾಕಾಯಿತು.

ಮೂರನೇ ಚಿತ್ರ ಕಲಾವಿದೆ ಅಮಾಲಿಯಾ ಮೇಸಾ-ಬೈನ್ಸ್ ಅವರದು. ಅಮೆರಿಕದಲ್ಲಿ ಮೆಕ್ಸಿಕೋ ಮೂಲದ ಕುಟುಂಬದಲ್ಲಿ ಹುಟ್ಟಿದ ಅವರು, 1983ರಲ್ಲಿ ತೀರಿಕೊಂಡ ಚಿತ್ರನಟಿ ದೊಲೊರೆಸ್ ದೆಲ್ ರೀಯೊ ನೆನಪಿಗೆ 1984ರಲ್ಲಿ ಒಂದು ಒಫ್ರೆಂದಾ ರಚಿಸಿದರು. 1991ರಲ್ಲಿ ಅದನ್ನು ಪರಿಷ್ಕರಿಸಿದರು. ಈಗ ಅದು ಸ್ಮಿತ್ಸೋನಿಯನ್ ಅಮೆರಿಕನ್ ಆರ್ಟ್ ಮ್ಯೂಸಿಯಂನಲ್ಲಿದೆ. ಮನೆಯವರಲ್ಲದವರಿಗೂ ಒಫ್ರೆಂದಾ ಕಟ್ಟಬಹುದು, ಅದು ವಸ್ತುಸಂಗ್ರಹಾಲಯದ ಕಲಾಕೃತಿಯೂ ಆಗಬಹುದು ಎಂಬುದನ್ನು ತೋರಿಸಲು ಈ ಚಿತ್ರ ಬೇಕು. ಲಾಸ್ ಏಂಜಲೀಸ್‌ನಲ್ಲಿ ಒಫ್ರೆಂದಾ ಕಲೆಗೆ ಹೆಸರಾದ ಒಫೇಲಿಯಾ ಎಸ್ಪಾರ್ಸಾ ಬಹಳ ವರ್ಷ ಪ್ರಾಥಮಿಕ ಶಾಲಾ ಶಿಕ್ಷಕಿಯಾಗಿದ್ದವರು. 2018ರಲ್ಲಿ ಅವರಿಗೆ ಅಮೆರಿಕದ ರಾಷ್ಟ್ರೀಯ ಪರಂಪರೆ ಫೆಲೋಶಿಪ್ ಗೌರವ ಸಿಕ್ಕಿತು. ಇದನ್ನು ನಮ್ಮ ವೃತ್ತಿಯವರು ತಿಳಿದಿರಬೇಕು.

ಮೌಲ್ಯಮಾಪನ: ಪ್ರತಿ ಗುಂಪೂ ಒಬ್ಬ ಸಾರ್ವಜನಿಕ ವ್ಯಕ್ತಿಯನ್ನು ಆರಿಸಿ ಎರಡೂ ಪಟ್ಟಿಗಳನ್ನು ಬರೆಯಬೇಕು. ಆಮೇಲೆ ಒಬ್ಬರ ಪಟ್ಟಿಯನ್ನು ಮಾತ್ರ ಓದಬೇಕು. ಉಳಿದವರು ಅದು ಯಾರದು ಎಂದು ಗುರುತಿಸಬೇಕು. ಕ್ಯಾಮೆರಾ, ಮೀನಿನ ಗಾಳ, ಹಕ್ಕಿಯ ಚಿತ್ರ ಎಂದ ಕೂಡಲೇ ಪೂರ್ಣಚಂದ್ರ ತೇಜಸ್ವಿಯವರ ಹೆಸರು ಬಂತು. ಪುನೀತ್ ರಾಜ್‌ಕುಮಾರ್ ಅವರನ್ನು ಆರಿಸಿದ ಗುಂಪು ಮೊದಲು ಹಾರ, ದೀಪ, ದೊಡ್ಡ ಫೋಟೋ ಎಂದು ಬರೆಯಿತು. ‘ಇದು ಯಾರಿಗಾದರೂ ಆಗುತ್ತಲ್ಲ?’ ಎಂದು ಬೇರೆ ಗುಂಪಿನವರೇ ಕೇಳಿದ ಮೇಲೆ ಸೈಕಲ್ ಸೇರಿಸಿತು. ಒಂದು ಗುಂಪು ಮೆಕ್ಸಿಕೋದ ಹೊಸೆ ಗ್ವಾದಲೂಪೆ ಪೊಸಾದಾ (1852–1913) ಅವರನ್ನು ಆರಿಸಿತು. ಟೋಪಿ ಹಾಕಿದ ಸಿರಿವಂತ ಹೆಂಗಸಿನ ಅಸ್ಥಿಪಂಜರವನ್ನು ಕೆತ್ತಿದ ಈ ಅಚ್ಚುಚಿತ್ರಕಾರ ಬಡತನದಲ್ಲಿ ತೀರಿಕೊಂಡರು ಎಂದು ನಾನು ಹೇಳಿದ್ದೆ. ಆ ಗುಂಪಿನ ಪಟ್ಟಿಯಲ್ಲಿದ್ದುದು ಉಳಿ, ಮಸಿ ಮತ್ತು ಖಾಲಿ ಪರ್ಸ್.

ಮಕ್ಕಳು ಕೇಳಿದ ಪ್ರಶ್ನೆಗಳು

‘ಇದು ನಮ್ಮ ಹಿರಿಯರ ಹಬ್ಬ ಅಲ್ವಾ ಮಿಸ್?’ ಈ ಪ್ರಶ್ನೆ ಬಂದೇ ಬರುತ್ತದೆ. ಹೌದು ಎಂದರೂ ಅಲ್ಲ ಎಂದರೂ ಚರ್ಚೆ ಅಲ್ಲಿಗೇ ನಿಲ್ಲುತ್ತದೆ. ಪಿತೃಪಕ್ಷದಲ್ಲಿ ತಮ್ಮ ಮನೆಯಲ್ಲಿ ಎಡೆ ಇಡುವ ಕ್ರಮವನ್ನು ಹೇಳಬಯಸಿದವರು ಹೇಳಿದರು. ಒಂದೇ ಬೀದಿಯ ಎರಡು ಮನೆಗಳಲ್ಲೇ ಕ್ರಮ ಬೇರೆ ಎಂಬುದು ಹೊರಬಂತು. ಕ್ರೈಸ್ತ ಕುಟುಂಬದ ಒಬ್ಬ ಹುಡುಗ, ನವೆಂಬರ್ 2ರಂದು ತಾವೂ ಸಮಾಧಿಗೆ ಹೂವಿಟ್ಟು ಮೇಣದ ಬತ್ತಿ ಹಚ್ಚುತ್ತೇವೆ ಎಂದ. ಮೆಕ್ಸಿಕೋದ ಹಬ್ಬಕ್ಕೆ ನಿಜವಾದ ಚಾರಿತ್ರಿಕ ನಂಟಿರುವುದು ಅವನ ಮನೆಯ ಆಚರಣೆಗೆ. ಎಡೆಯ ಜೊತೆ ಇರುವುದು ಹೋಲಿಕೆ ಮಾತ್ರ. ನಂಟು ಮತ್ತು ಹೋಲಿಕೆ ಬೇರೆ ಬೇರೆ ಎಂಬುದನ್ನು ಮಕ್ಕಳು ಸುಲಭವಾಗಿ ಒಪ್ಪಿದರು.

‘ಬುರುಡೆ ಅಂದ್ರೆ ದೆವ್ವದ ಹಬ್ಬ ಅಲ್ವಾ?’ ಅಕ್ಟೋಬರ್ 31ರ ಹ್ಯಾಲೋವೀನ್ ಬೇರೆ, ಇದು ಬೇರೆ. ಇಲ್ಲಿ ಬುರುಡೆ ನಗುತ್ತದೆ, ಸಿಹಿಯಾಗಿರುತ್ತದೆ. ಹೆದರಿಸುವುದು ಅದರ ಕೆಲಸವಲ್ಲ. ಸಿನಿಮಾದಲ್ಲಿ ನೋಡಿದ ಮೆರವಣಿಗೆಯ ಬಗ್ಗೆಯೂ ಒಬ್ಬ ಕೇಳಿದ. ಮೆಕ್ಸಿಕೋ ನಗರದ ಆ ದೊಡ್ಡ ಮೆರವಣಿಗೆ ಆರಂಭವಾದದ್ದು 2016ರಲ್ಲಿ. ಅದಕ್ಕೆ ಹಿಂದಿನ ವರ್ಷ ಬಂದ ಜೇಮ್ಸ್ ಬಾಂಡ್ ಸಿನಿಮಾದ ಕಲ್ಪಿತ ದೃಶ್ಯವೇ ಅದಕ್ಕೆ ಪ್ರೇರಣೆ. ಮನೆಯೊಳಗಿನ ಒಫ್ರೆಂದಾ ಅದಕ್ಕಿಂತ ಬಹಳ ಹಳೆಯದು.

‘ಸಿಗರೇಟು, ಮದ್ಯ ಎಲ್ಲಾ ಇಡ್ತಾರಾ?’ ಚಿತ್ರದಲ್ಲಿ ಬಾಟಲಿ ಕಂಡಿದ್ದರಿಂದ ಬಂದ ಪ್ರಶ್ನೆ. ಇಡುತ್ತಾರೆ, ಆ ವ್ಯಕ್ತಿಗೆ ಅಭ್ಯಾಸವಿದ್ದರೆ. ಒಫ್ರೆಂದಾ ತೀರಿಕೊಂಡವರನ್ನು ಸಂತರನ್ನಾಗಿ ಮಾಡುವುದಿಲ್ಲ. ಅವರು ಇದ್ದ ಹಾಗೆ ನೆನೆಯುತ್ತದೆ. 8ನೇ ತರಗತಿಯಲ್ಲಿ ಈ ಉತ್ತರ ಕೊಡಬಹುದೇ ಎಂದು ಪಾಠಕ್ಕೆ ಮೊದಲೇ ಮಾರ್ಗದರ್ಶಕ ಶಿಕ್ಷಕರನ್ನು ಕೇಳಿದ್ದೆ. ‘ಚಿತ್ರದಲ್ಲಿ ಇದ್ದದ್ದನ್ನ ಮಕ್ಕಳು ನೋಡೇ ನೋಡ್ತಾರೆ, ನೀವು ಕಾಣದ ಹಾಗೆ ಇರಬೇಡಿ’ ಎಂದಿದ್ದರು. ಹಾಗೆಯೇ ಮಾಡಿದೆ.

ಸಾವಿನ ಮಾತು ಬರುವ ತರಗತಿ

34 ಮಕ್ಕಳ ಯಾವ ತರಗತಿಯಲ್ಲೂ ಮನೆಯವರನ್ನು ಕಳೆದುಕೊಂಡ ಮಗು ಇದ್ದೇ ಇರುತ್ತದೆ. ನನ್ನ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿಯ ತಂದೆ ತೀರಿಕೊಂಡು ವರ್ಷ ತುಂಬಿರಲಿಲ್ಲ. ತರಗತಿ ಶಿಕ್ಷಕರು ಇದನ್ನು ಮುಂಚೆಯೇ ತಿಳಿಸಿದ್ದರು. ಪಾಠವನ್ನೇ ಕೈಬಿಡುವುದು ಒಂದು ದಾರಿ. ಆದರೆ ಸಾವಿನ ಮಾತನ್ನು ಶಾಲೆ ಎಂದೂ ಎತ್ತುವುದಿಲ್ಲವೆಂದರೆ ಅಂಥ ಮಗುವಿಗೆ ಶಾಲೆಯಲ್ಲಿ ಆ ಬಗ್ಗೆ ಭಾಷೆಯೇ ಸಿಗುವುದಿಲ್ಲ. ಆದ್ದರಿಂದ ಪಾಠ ಇಟ್ಟುಕೊಂಡು ನಾಲ್ಕು ನಿಯಮ ಮಾಡಿಕೊಂಡೆ. ಯಾರ ಮನೆಯ ಸಾವಿನ ಬಗ್ಗೆಯೂ ನಾನಾಗಿ ಕೇಳುವುದಿಲ್ಲ. ಗುಂಪು ಚಟುವಟಿಕೆ ಸಾರ್ವಜನಿಕ ವ್ಯಕ್ತಿಯ ಬಗ್ಗೆ ಮಾತ್ರ. ಮನೆಯವರ ಬಗ್ಗೆ ಬರೆಯಬಯಸುವವರು ಬರೆಯಬಹುದು, ತೋರಿಸಬೇಕಾಗಿಲ್ಲ. ತರಗತಿಯಲ್ಲಿ ನಿಜವಾದ ಒಫ್ರೆಂದಾ ಕಟ್ಟುವುದಿಲ್ಲ, ಧೂಪ ಹಚ್ಚುವುದಿಲ್ಲ.

ಕೊನೆಯ ನಿಯಮಕ್ಕೆ ಇನ್ನೊಂದು ಕಾರಣವೂ ಇದೆ. ಅದು ಬೇರೆಯವರ ನಂಬಿಕೆ. ಅದನ್ನು ಓದಿ ತಿಳಿಯುವುದು ನಮ್ಮ ಕೆಲಸ, ನಟಿಸುವುದಲ್ಲ.

ನವೆಂಬರ್ 1 ಮಕ್ಕಳ ದಿನ, ಆಟಿಕೆ ಇಡುತ್ತಾರೆ ಎಂದಾಗ ತರಗತಿ ಸುಮ್ಮನಾಯಿತು. ಅದನ್ನು ತುಂಬಲು ಹೋಗದೆ ಅರ್ಧ ನಿಮಿಷ ಬಿಟ್ಟು ಮುಂದೆ ಹೋದೆ. ಆ ವಿದ್ಯಾರ್ಥಿನಿ ಪೊಸಾದಾ ಗುಂಪಿನಲ್ಲಿ ಕೆಲಸ ಮಾಡಿದಳು. ಮುಂದಿನ ವಾರ ಬಿಡುವಿನಲ್ಲಿ ಮಡಚಿದ ಒಂದು ಹಾಳೆ ತಂದುಕೊಟ್ಟಳು. ಅದರಲ್ಲಿದ್ದುದನ್ನು ಇಲ್ಲಿ ಬರೆಯುವುದಿಲ್ಲ. ಐದು ವಸ್ತುಗಳಿದ್ದವು, ಹೂವೂ ದೀಪವೂ ಇರಲಿಲ್ಲ ಎಂದಷ್ಟೇ ಹೇಳುತ್ತೇನೆ. ಐದೂ ಒಬ್ಬರ ಪಟ್ಟಿಯವು. ಓದಿ, ಅವಳಿಗೇ ಹಿಂತಿರುಗಿಸಿದೆ. ಅಂಕ ಕೊಡಲಿಲ್ಲ, ಮೌಲ್ಯಮಾಪನ ಕಡತಕ್ಕೆ ಪ್ರತಿ ಸೇರಿಸಲಿಲ್ಲ. ಕಲಿಕೆಗೆ ಸಾಕ್ಷ್ಯ ಬೇಕು ಎಂಬುದು ನಮ್ಮ ಕಡತದ ನಿಯಮ. ಇಂಥ ಸಾಕ್ಷ್ಯವನ್ನು ಕಡತದಲ್ಲಿಡಬೇಕೇ ಎಂಬ ಬಗ್ಗೆ ಶಿಕ್ಷಕ ಶಿಕ್ಷಣದವರು ಚರ್ಚಿಸಬೇಕೆಂದು ಕೋರುತ್ತೇನೆ.

ಮುಂದೆ ಈ ಪಾಠ ಮಾಡುವವರಿಗೆ

1. ದಸರಾ ರಜೆಯ ನಂತರ ನವೆಂಬರ್ ಮೊದಲ ವಾರ ಸೂಕ್ತ. ರಾಜ್ಯೋತ್ಸವದ ಮರುದಿನದ ತರಗತಿಗೆ ಹೊಂದುತ್ತದೆ, ಚೆಂಡುಹೂವೂ ಅಗ್ಗವಾಗಿ ಸಿಗುತ್ತದೆ.

2. ಪಾಠಕ್ಕೆ ಮೊದಲು ತರಗತಿ ಶಿಕ್ಷಕರ ಜೊತೆ ಮಾತಾಡಿ, ಈಚೆಗೆ ಮನೆಯಲ್ಲಿ ಸಾವು ಕಂಡ ಮಕ್ಕಳಿದ್ದರೆ ತಿಳಿದುಕೊಳ್ಳಿ. ತಿಳಿದದ್ದನ್ನು ತರಗತಿಯಲ್ಲಿ ಬಳಸಬೇಡಿ.

3. ಮೂರು ಚಿತ್ರಗಳ ಬದಲು ಒಂದೇ ಸಿಕ್ಕರೂ ಪಾಠ ನಡೆಯುತ್ತದೆ. ಆದರೆ ಆ ಚಿತ್ರದಲ್ಲಿ ಒಬ್ಬರ ಪಟ್ಟಿಯ ವಸ್ತು ಎರಡಾದರೂ ಇರಲಿ. ಹೋಟೆಲು, ಅಂಗಡಿಗಳ ಮುಂದಿನ ಅಲಂಕಾರದ ಚಿತ್ರಗಳಲ್ಲಿ ಅದು ಸಿಗುವುದಿಲ್ಲ.

4. ವಿಜ್ಞಾನ, ಗಣಿತದ ಭಾಗಗಳನ್ನು ‘ಇದು ಯಾಕೆ ಇಲ್ಲಿದೆ?’ ಎಂಬ ಪ್ರಶ್ನೆಗೆ ಕಟ್ಟಿಹಾಕಿ. ಹೂವಿನ ಕಿರುಹೂ ಎಣಿಸಿದವರು ಆ ಹೂವು ದಾರಿ ತೋರಿಸಲು ಇಟ್ಟದ್ದು ಎಂಬುದನ್ನು ಮರೆಯಬಾರದು.

5. ಸಮಯ ಕಡಿಮೆ ಬಿದ್ದರೆ ಕಾಗದದ ಕೆಲಸವನ್ನು ಬಿಡಿ. ಒಬ್ಬರ ಪಟ್ಟಿ ಓದಿ ಗುರುತಿಸುವ ಆಟವನ್ನು ಬಿಡಬೇಡಿ. ಮಗುವಿಗೆ ಪಾಠ ಮುಟ್ಟಿದೆಯೇ ಎಂಬುದು ಗೊತ್ತಾಗುವುದು ಅಲ್ಲೇ.